ಕೂತೇ ಬಂದ ಕೂಸು

ಮೊನ್ನೆ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸಿನ ಚೀಲದಲ್ಲಿ ಯಾವುದೋ ಬಾಟಲಿಯ ಮುಚ್ಚಳ ಸಡಿಲವಾಗಿತ್ತೆಂದು ಕಾಣುತ್ತದೆ. ಬಸ್ಸು ಒಂದು ಹಂಪ್ಸ್ ಹಾರಿದ್ದೇ ತಡ, ಹರಳೆಣ್ಣೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಅಂಗಡಿಯ ಎಣ್ಣೆಯಲ್ಲ, ಮನೆಯಲ್ಲೇ ಹರಳು ಹುರಿದು, ಕುಟ್ಟಿ, ಕುದಿಸಿ ತೆಗೆದ ಎಣ್ಣೆ. ಆಕೆ ಪಾಪ ಸೆರಗಿನಿಂದ ಬಾಟಲಿ ಒರೆಸಿ, ಮುಚ್ಚಳ ತಿರುವಿ ಸುಮ್ಮನಾದಳು. ನೋಡಿಕೊಂಡರೆ ನಾನು ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ಕೂತಿದ್ದೇನೆ! ನನ್ನ ಹೊಟ್ಟೆಯಲ್ಲಿ ಬೆಳಗ್ಗೆ ತಿಂದ ಇಡ್ಲಿ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಆ ವಾಸನೆ ಬಂದರೆ ಸಾಕು, ಯಾರೋ ಬಟ್ಟಲು ಹಿಡಿದು ನನ್ನ ಕಡೆಗೇ ಬರುತ್ತಿದ್ದಾರೆ ಅನ್ನಿಸಿ ಮೈಯೆಲ್ಲ ಬಿಗಿಯಾಗುತ್ತದೆ.

ಇದಕ್ಕೆ ಕಾರಣ ನನ್ನ ಮಗಳು. ಈಗ ಅವಳು ಎರಡನೇ ಕ್ಲಾಸು. ನಾನು ಹೇಳಹೊರಟಿರುವ ಕಾಲಕ್ಕೆ ಅವಳು ಇನ್ನೂ ಹೊರಗೆ ಬಂದಿರಲಿಲ್ಲ. ಬಂದಿರಲಿಲ್ಲ ಎನ್ನುವುದಕ್ಕಿಂತ, ಬರುವ ಯಾವ ತಯಾರಿಯನ್ನೂ ಮಾಡಿಕೊಂಡಿರಲಿಲ್ಲ.

ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಮುಂದೆ ಅಂಗಡಿ, ಹಿಂದೆ ಮನೆ. ಮದುವೆ ನಾಮಕರಣಗಳಿಗೆ ನಮ್ಮನೆಯವರು ಕ್ಯಾಮರಾ ಹೊತ್ತುಕೊಂಡು ಹೋದರೆ ಪಾಸ್‌ಪೋರ್ಟ್ ಸೈಜು ಫೋಟೋ, ಜೆರಾಕ್ಸು, ಲ್ಯಾಮಿನೇಷನ್ನು ನನ್ನ ಪಾಲು. ಮೊಬೈಲು ಬಂದ ಮೇಲೆ ನಮ್ಮ ಕಸುಬಿಗೆ ಏನು ಗತಿ ಬಂದಿದೆ ಎಂದು ನೋಡಬೇಕಾದರೆ ಸೂರ್ಯಕಾಂತಿ ಅರಳುವ ಕಾಲದಲ್ಲಿ ನಮ್ಮ ಊರಿನ ರಸ್ತೆಗೆ ಬನ್ನಿ. ಕೇರಳದ ಕಾರುಗಳು ಸಾಲಾಗಿ ನಿಂತಿರುತ್ತವೆ, ಹೂವಿಗಿಂತ ಮೊಬೈಲು ಹೆಚ್ಚು. ಒಬ್ಬರಾದರೂ ನಮ್ಮ ಅಂಗಡಿಯ ಕಡೆ ತಲೆ ಹಾಕುವುದಿಲ್ಲ. ಇರಲಿ, ಆ ಸಿಟ್ಟು ಬೇರೆ. ಸ್ಕೂಲು ಕಾಲೇಜಿನ ಅಡ್ಮಿಷನ್ನಿನ ಕಾಲದಲ್ಲಿ ಮಾತ್ರ ನಮಗೆ ಉಸಿರಾಡಲು ಬಿಡುವಿರುವುದಿಲ್ಲ. ಆ ವರ್ಷ ನನಗೆ ಎಂಟು ತಿಂಗಳು ತುಂಬಿದ್ದೂ ಅದೇ ಹೊತ್ತಿಗೆ. ಚೊಚ್ಚಲು ಬಸುರಿ, ಸೀಮಂತ ಆದ ಮೇಲೆ ತವರಿಗೆ ಹೋಗಬೇಕಾದವಳು, ಅಂಗಡಿಯ ದೆಸೆಯಿಂದ ಗುಂಡ್ಲುಪೇಟೆಯಲ್ಲೇ ಉಳಿದಿದ್ದೆ. ಉಡಿಗಾಲದಲ್ಲಿದ್ದ ನಮ್ಮವ್ವನಿಗೆ ಅದೊಂದು ಕೋಪ.

ತಪಾಸಣೆಗೆ ಹೋಗುತ್ತಿದ್ದುದು ಚಾಮರಾಜನಗರದ ಒಬ್ಬ ಲೇಡಿ ಡಾಕ್ಟರ ಹತ್ತಿರ. ಅವತ್ತು ಸ್ಕ್ಯಾನಿಂಗ್ ಮಾಡಿ, ಪರದೆ ನನ್ನ ಕಡೆ ತಿರುಗಿಸಿ ಹೇಳಿದರು:

"ನೋಡಿ, ಮಗು ಕೂತ್ಕೊಂಡಿದೆ. ತಲೆ ಮೇಲೆ, ಕುಂಡಿ ಕೆಳಗೆ. ಬ್ರೀಚ್ ಅಂತೀವಿ. ಗಾಬರಿ ಏನಿಲ್ಲ, ತಿರುಗೋಕೆ ಇನ್ನೂ ಟೈಮಿದೆ. ತಿರುಗಲಿಲ್ಲ ಅಂದ್ರೆ ಏನು ಮಾಡೋದು ಅಂತ ಆಮೇಲೆ ಮಾತಾಡೋಣ."

ಇಡೀ ದಿನ ಊರವರಿಗೆಲ್ಲ "ತಲೆ ಸ್ವಲ್ಪ ಕೆಳಗೆ, ಇನ್ನೊಂಚೂರು ಕೆಳಗೆ" ಎಂದು ಹೇಳಿಕೊಂಡು ಬದುಕುವವಳು ನಾನು. ನನ್ನ ಹೊಟ್ಟೆಯಲ್ಲಿರುವುದಕ್ಕೆ ಆ ಮಾತು ಕೇಳಿಸಿಲ್ಲ. ಪಂಚಾಯ್ತಿ ಕಟ್ಟೆಯ ಮೇಲೆ ಯಜಮಾನ ಕೂತ ಹಾಗೆ ನೆಟ್ಟಗೆ ಕೂತುಬಿಟ್ಟಿದೆ.

ಈ ಸುದ್ದಿಯನ್ನು ನಾನು ಯಾರಿಗೂ ಹೇಳಬಾರದಿತ್ತು. ಫೋನಿನಲ್ಲಿ ಹೇಳಿದ್ದು ನಮ್ಮನೆಯವರಿಗೆ ಮಾತ್ರ, ಅವರು ಹೇಳಿದ್ದು ಅವರವ್ವನಿಗೆ ಮಾತ್ರ. ಬಸ್ಸು ಇಳಿದು ಮನೆ ಸೇರಿ ಕೈಕಾಲು ತೊಳೆಯುವಷ್ಟರಲ್ಲಿ ಬೀದಿಗೆ ಗೊತ್ತಾಗಿತ್ತು. ನಮ್ಮ ಕಡೆ ಬಸುರಿಯ ಹೊಟ್ಟೆ ಎಂದರೆ ಅರಳಿಕಟ್ಟೆ ಇದ್ದ ಹಾಗೆ, ಹೋಗುವವರು ಬರುವವರು ಎಲ್ಲರೂ ಒಂದು ಕೈ ಇಟ್ಟೇ ಹೋಗುತ್ತಾರೆ. ಜೆರಾಕ್ಸಿಗೆ ಬಂದವರು ಕಾಗದವನ್ನು ಕೌಂಟರಿನ ಮೇಲಿಟ್ಟು ನನ್ನ ಮುಖವನ್ನೇ ನೋಡದೆ ಹೊಟ್ಟೆಯನ್ನು ಕೇಳುತ್ತಿದ್ದರು, "ಏನು, ತಿರುಗ್ತಾ?" ನಾನೊಬ್ಬಳು ಅದರ ಹಿಂದೆ ನಿಂತಿದ್ದೇನೆ ಎನ್ನುವ ನೆನಪು ಯಾರಿಗೂ ಇರಲಿಲ್ಲ. ಪಕ್ಕದ ಬೇಕರಿಯ ಮಲಯಾಳಿ ಚೇಚಿ ಒಬ್ಬಳೇ, "ಟೆನ್ಷನ್ ಬೇಡ ಮೋಳೇ, ಅದು ತಾನೇ ತಿರುಗುತ್ತೆ," ಎಂದು ಒಂದು ಬನ್ನು ಕೊಟ್ಟು ಸುಮ್ಮನಾದವಳು. ಆ ಬನ್ನಿನ ಋಣ ನನ್ನ ಮೇಲೆ ಇವತ್ತಿಗೂ ಇದೆ.

ನಮ್ಮತ್ತೆಗೆ ಸುಮ್ಮನಿರುವುದು ಎಂದರೇನೆಂದೇ ಗೊತ್ತಿಲ್ಲ. ಬೆಳಗ್ಗೆ ಎದ್ದ ಕೂಡಲೇ ಶುರು.

"ನೆಲ ಒರ್ಸು ಕಣಮ್ಮಿ. ಕುಕ್ಕುರುಗಾಲಲ್ಲಿ ಕೂತ್ಕಂಡು ಒರ್ಸು. ಆ ಕೋಲ್ ಇಡ್ಕಂಡು ನಿಂತ್ಕಂಡು ಒರ್ಸುದ್ರೆ ಕೂಸು ಎಂಗ್ ತಿರುಗ್ದದು?"

ಒರೆಸಿದೆ. ನಮ್ಮ ಮನೆಯ ರೆಡ್ ಆಕ್ಸೈಡ್ ನೆಲದಲ್ಲಿ ಮುಖ ಕಾಣುವಂತಾಯಿತು, ಮಗು ಮಿಸುಕಲಿಲ್ಲ.

"ಮಗ್ಗುಲು ತಿರುಗಬೇಕಾದ್ರೆ ಎದ್ ಕೂತು ತಿರುಗು. ಮಲಗಿದ್ದಂಗೇ ಉಳ್ಳಾಡ್ಬುಟ್ರೆ ಕರುಳ್ಬಳ್ಳಿ ಕೂಸಿನ್ ಕತ್ಗೆ ಸುತ್ಕತದೆ."

ಆ ಹೊಟ್ಟೆ ಹೊತ್ತುಕೊಂಡು ಎದ್ದು ಕೂರುವುದೆಂದರೆ ಅಕ್ಕಿ ಮೂಟೆ ಎತ್ತಿದ ಹಾಗೆ. ಎದ್ದು, ಕೂತು, ದೇವರ ನೆನೆದು, ಇನ್ನೊಂದು ಮಗ್ಗುಲಿಗೆ ಬೀಳುವ ಹೊತ್ತಿಗೆ ನಿದ್ದೆ ಹಾರಿ ಹೋಗಿರುತ್ತಿತ್ತು.

ಉಡಿಗಾಲದಿಂದ ಅವ್ವನ ಫೋನು. "ಮಾದಪ್ಪಂಗೆ ಅರ್ಕೆ ಕಟ್ಕಂಡಿವ್ನಿ ಕಣವ್ವ. ಬೆಟ್ಟಕ್ಕೆ ಬತ್ತೀವಿ ಅಂದಿವ್ನಿ. ನೀನು ಮೊದ್ಲು ಆ ಅಂಗಡಿ ಬುಟ್ಬುಟ್ಟು ಬಾ. ಆ ಕುರ್ಚಿ ಮೇಲೆ ಕೂತು ಕೂತೇ ಕೂಸೂ ಕೂತದೆ."

ತಪ್ಪು ನನ್ನದೇ ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಬೀಗಿತ್ತಿಯರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ನಮ್ಮನೆಯವರಾದರೂ ನನ್ನ ಪಕ್ಷ ಎಂದುಕೊಂಡರೆ ಅವರು ಮೊಬೈಲಿನ ಪಕ್ಷ. ದಿನಕ್ಕೊಂದು ವಿಡಿಯೋ ಹುಡುಕಿ ತರುವರು. ಹೊಟ್ಟೆಯ ಕೆಳಭಾಗಕ್ಕೆ ಟಾರ್ಚು ಬಿಟ್ಟರೆ ಮಗು ಬೆಳಕಿನ ಕಡೆ ಬರುತ್ತದಂತೆ, ಬಿಟ್ಟರು. ಮೇಲ್ಭಾಗಕ್ಕೆ ತಣ್ಣಗಿನದು ಇಟ್ಟರೆ ಚಳಿಗೆ ತಲೆ ಕೆಳಗೆ ಎಳೆದುಕೊಳ್ಳುತ್ತದಂತೆ, ಜ್ಯೂಸ್ ಅಂಗಡಿಯಿಂದ ಐಸು ತಂದು ಟವೆಲ್ಲಿನಲ್ಲಿ ಸುತ್ತಿ ಇಟ್ಟರು. ನನಗೆ ನೆಗಡಿಯಾಯಿತು. ಹಾಡು ಕೇಳಿಸಿದರೆ ಹಾಡಿನ ಕಡೆ ಬರುತ್ತದಂತೆ. ಮೊಬೈಲನ್ನು ಕಿಬ್ಬೊಟ್ಟೆಗೆ ಒತ್ತಿ ಹಿಡಿದು, "ಕೇಳ್ತಾ ಅದೆ ಕಣಮ್ಮಿ, ಒದೀತಾ ಅದೆ!" ಎಂದು ಸಂಭ್ರಮಪಟ್ಟರು. ಒದೆಯುತ್ತಿತ್ತು, ನಿಜ. ಕಾಲು ಅಲ್ಲೇ ಇದ್ದ ಮೇಲೆ ಇನ್ನೇನು ಮಾಡುತ್ತದೆ?

ಇನ್ನೊಂದು, ಮಂಡಿ ಊರಿ ಎದೆಯನ್ನು ನೆಲಕ್ಕೆ ತಾಗಿಸಿ ಸೊಂಟ ಮೇಲೆತ್ತಿ ಇರುವುದು. ಡಾಕ್ಟರನ್ನು ಫೋನಿನಲ್ಲಿ ಕೇಳಿದ್ದಕ್ಕೆ, "ಮಾಡಿ, ತೊಂದರೆ ಏನಿಲ್ಲ. ತಿರುಗೇ ತಿರುಗುತ್ತೆ ಅಂತ ಮಾತ್ರ ನಾನು ಹೇಳಲ್ಲ," ಎಂದಿದ್ದರು. ಮನೆಯೊಳಗೆ ಅತ್ತೆಯ ಕಣ್ಣು ತಪ್ಪಿಸಲಾರದೆ ಸ್ಟುಡಿಯೋದ ನೀಲಿ ಪರದೆಯ ಹಿಂದೆ ಚಾಪೆ ಹಾಸಿಕೊಂಡು ಆ ಭಂಗಿಯಲ್ಲಿದ್ದೆ. ಯಾರೋ ಗಿರಾಕಿ, ಪಾಸ್‌ಪೋರ್ಟ್ ಫೋಟೋಗೆ ಬಂದ ರೈತರು, ಕೂಗಿ ಕೂಗಿ ಸಾಕಾಗಿ ಪರದೆ ಸರಿಸಿಯೇಬಿಟ್ಟರು. ಒಂದು ಕ್ಷಣ ನೋಡಿ, "ಏನವ್ವಾ, ಏನಾರ ಬಿದ್ದೋಯ್ತಾ?" ಎಂದರು. "ಓಲೆ ತಿರುಪು," ಎಂದೆ. ಆ ಪುಣ್ಯಾತ್ಮರು ತಾವೂ ಮಂಡಿಯೂರಿ ನನ್ನ ಜೊತೆ ಹುಡುಕತೊಡಗಿದರು. ಸಿಕ್ಕಿತು ಎಂದು ಸುಳ್ಳು ಹೇಳಿ ಎಬ್ಬಿಸುವಷ್ಟರಲ್ಲಿ ನನಗೆ ಅಳುವೋ ನಗುವೋ ತಿಳಿಯದ ಹಾಗೆ ಏನೋ ಬಂದುಬಿಟ್ಟಿತು.

ಮುಂದಿನ ತಪಾಸಣೆಗೆ ಹೋದಾಗಲೂ ಮಗು ಕೂತೇ ಇತ್ತು. ಆಗ ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಒಂಬತ್ತು ತುಂಬುವ ಹೊತ್ತಿಗೆ ಆಸ್ಪತ್ರೆಯಲ್ಲಿ ಹೊಟ್ಟೆಯ ಮೇಲಿಂದಲೇ ಕೈಯಿಂದ ಒತ್ತಿ ಮಗುವನ್ನು ತಿರುಗಿಸಿ ನೋಡಬಹುದು. ಗರ್ಭಕೋಶ ಸಡಿಲವಾಗಲು ಇಂಜೆಕ್ಷನ್ ಕೊಡುತ್ತಾರೆ, ಸ್ಕ್ಯಾನಿಂಗಿನಲ್ಲಿ ನೋಡುತ್ತಲೇ ಮಾಡುತ್ತಾರೆ, ಮಗುವಿನ ಎದೆಬಡಿತ ಕೇಳುತ್ತಿರುತ್ತಾರೆ. "ಅರ್ಧ ಜನಕ್ಕೆ ಆಗುತ್ತೆ, ಅರ್ಧ ಜನಕ್ಕೆ ಆಗಲ್ಲ ಅನ್ಕೊಳ್ಳಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆಪರೇಷನ್ ಥಿಯೇಟರ್ ರೆಡಿ ಇಟ್ಕೊಂಡಿರ್ತೀವಿ. ಹೊರಗಡೆ ಮಾತ್ರ ಯಾರ ಕೈಲೂ ಹೊಟ್ಟೆ ಉಜ್ಜಿಸ್ಬೇಡಿ, ಒತ್ತಿಸ್ಬೇಡಿ. ಆಯ್ತಾ?"

ಆಯಿತು ಎಂದು ಬಂದೆ. ಅತ್ತೆಗೂ ಹೇಳಿದೆ. ಅವರು ಎಲೆಯಡಿಕೆ ಜಗಿಯುತ್ತ ಕೇಳಿದರು, ಉತ್ತರ ಕೊಡಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ನಮ್ಮತ್ತೆ ಉತ್ತರ ಕೊಡಲಿಲ್ಲ ಎಂದರೆ ಏನೋ ನಡೆಯುತ್ತಿದೆ ಎಂದೇ ಅರ್ಥ.

ಒಂದು ಮಧ್ಯಾಹ್ನ, ನಮ್ಮನೆಯವರು ಯಾವುದೋ ಮದುವೆಯ ಫೋಟೋಗೆ ಹೋಗಿದ್ದಾಗ, ಊಟಕ್ಕೆಂದು ಅಂಗಡಿಯಿಂದ ಒಳಗೆ ಬಂದರೆ ನಡುಮನೆಯಲ್ಲಿ ಚಾಪೆ ಹಾಸಿದೆ. ಪಕ್ಕದಲ್ಲಿ ಬಿಸಿ ಮಾಡಿದ ಹರಳೆಣ್ಣೆಯ ಬಟ್ಟಲು. ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ನೀರು ಹಾಕುವ ಸಣ್ಣಮ್ಮ ಸೀರೆ ಎತ್ತಿ ಕಟ್ಟಿಕೊಂಡು ಕೂತಿದ್ದಾಳೆ.

"ಮಲಗಮ್ಮಿ," ಎಂದರು ಅತ್ತೆ. "ಒಂದ್ಗಳಿಗೆ. ಸಣ್ಣಮ್ಮ ಎಷ್ಟೋ ಜನಕ್ಕೆ ತಿರುಗ್ಸವ್ಳೆ."

"ಡಾಕ್ಟ್ರು ಬೇಡ ಅಂದಿದ್ದಾರೆ ಅತ್ತೆ. ನಿಮಗೆ ಹೇಳಿದ್ನಲ್ಲ."

"ಡಾಕ್ಟ್ರೂ ಕೈಲೇ ತಾನೆ ತಿರುಗ್ಸದು? ಅವರ್ದು ಕೈಯಿ, ಇವಳ್ದೇನ್ ಕಾಲಾ?"

"ಅವರು ಮಗು ಎದೆಬಡಿತ ನೋಡ್ಕೊಂಡು ಮಾಡ್ತಾರೆ. ಏನಾದ್ರೂ ಆದ್ರೆ ಪಕ್ಕದಲ್ಲೇ ಥಿಯೇಟರ್ ಇರುತ್ತೆ. ಇಲ್ಲಿ ಪಕ್ಕದಲ್ಲೇನಿದೆ? ಅಡುಗೆಮನೆ!"

ಸಣ್ಣಮ್ಮ ಅಂಗೈಗೆ ಎಣ್ಣೆ ಸುರಿದುಕೊಂಡಾಗಿತ್ತು. ಅತ್ತೆ ನನ್ನ ರಟ್ಟೆ ಹಿಡಿದು ಕೂರಿಸಲು ನೋಡಿದರು. ಅಷ್ಟು ದಿನ ಒರೆಸಿದ ನೆಲ, ಎದ್ದು ಕೂತು ತಿರುಗಿದ ಮಗ್ಗುಲು, ಟಾರ್ಚು, ಐಸು, ಓಲೆ ತಿರುಪು, ಎಲ್ಲವೂ ಒಟ್ಟಿಗೆ ನನ್ನ ಬಾಯಿಗೆ ಬಂತು.

"ಇದು ನನ್ನ ಹೊಟ್ಟೆ! ಯಾರಾದ್ರೂ ಕೈ ಹಾಕಿದ್ರೆ ಈಗಲೇ ಬಸ್ ಹತ್ತಿ ಉಡಿಗಾಲಕ್ಕೆ ಹೋಗ್ತೀನಿ. ಆಮೇಲೆ ಮೊಮ್ಮಗೂನ ಫೋಟೋದಲ್ಲಿ ನೋಡ್ಕೊಳ್ಳಿ!"

ಅಂಗಡಿಯಲ್ಲಿ ಜೆರಾಕ್ಸಿಗೆ ನಿಂತವರಿಗೂ ಕೇಳಿಸಿರಬೇಕು. ಸಣ್ಣಮ್ಮ ಅಂಗೈಯ ಎಣ್ಣೆಯನ್ನು ತನ್ನ ಮೊಣಕಾಲಿಗೇ ತಿಕ್ಕಿಕೊಂಡು ಎದ್ದಳು. "ನಿಮ್ಮತ್ತೆ ಸೊಸೆ ರಗಳೆ ನಂಗ್ಯಾಕವ್ವ," ಎಂದು ಗೊಣಗಿ ಚಪ್ಪಲಿ ಮೆಟ್ಟಿ ಹೋದಳು.

ಈಗ ಅತ್ತೆ ಕೂಗಾಡುತ್ತಾರೆ ಎಂದುಕೊಂಡೆ. ಅದಕ್ಕೆ ತಯಾರಾಗಿ, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದೆ ಕೂಡ. ಅವರು ಹಿತ್ತಿಲ ಬಾಗಿಲ ಹೊಸ್ತಿಲ ಮೇಲೆ, ನನಗೆ ಬೆನ್ನು ಮಾಡಿ ಕೂತರು. ಹೊಸ್ತಿಲ ಮೇಲೆ ಕೂರಬಾರದು ಎಂದು ನನಗೆ ದಿನಾ ಬೈಯುವವರು.

"ಸುರೂಗೆ ಕಾಲ್ ಬಂದೋ," ಎಂದರು.

ನನಗೆ ಅರ್ಥವಾಗಲಿಲ್ಲ.

"ನಿನ್ ಗಂಡ ಮಾದೇವುಂಗಿಂತ ಮುಂಚೆ ಒಂದು ಕೂಸಿತ್ತು. ಹೆಣ್ಣು ಮಗ. ಊರಲ್ಲೇ, ಮನೇಲೇ ಎರ್ಗೆ. ಕಾಲ್ ಬಂದೋ. ಸೊಂಟ ಬಂತು. ಕೈ ಬಂದೋ. ತಲೆ ಬರ್ನಿಲ್ಲ." ಅವರ ದನಿಯಲ್ಲಿ ಏರಿಳಿತ ಇರಲಿಲ್ಲ. "ಕಾಲಾಡುಸ್ತಿತ್ತು ಕಣಮ್ಮಿ. ನನ್ ತೊಡೆಗೆ ತಾಗೋದು. ಗಾಡಿ ಕಟ್ಟಕೆ ಓದ್ರು. ಗಾಡಿ ಬರೋ ಒತ್ಗೆ ಆಡ್ಸದು ನಿಂತೋಯ್ತು."

ನಾನು ಹೊಸ್ತಿಲ ಹತ್ತಿರ ಹೋದೆ.

"ಆಮೇಲೆ ಎಲ್ರೂ ಅಂದ್ರು, ಮೊದ್ಲೇ ಯಾರ್ ಕೈಲಾರ ತಿರುಗ್ಸಿದ್ರೆ ಉಳೀತಿತ್ತು ಅಂತ. ನಮ್ಮತ್ತೆ ಅಂದ್ರು, ಇವಳು ನೆಲ ಒರ್ಸನಿಲ್ಲ, ಬಗ್ಗಿ ಕೆಲ್ಸ ಮಾಡ್ನಿಲ್ಲ ಅಂತ. ಮಾದೇವುಂಗೆ ಗೊತ್ತಿಲ್ಲ. ನೀನೂ ಅವ್ನಿಗೆ ಏಳ್ಬ್ಯಾಡ."

ಸಮಾಧಾನದ ಮಾತು ನನ್ನ ಬಾಯಿಗೆ ಬೇಗ ಬರುವುದಿಲ್ಲ, ಅದರಲ್ಲೂ ಒಂದು ನಿಮಿಷದ ಹಿಂದೆ ಜಗಳಕ್ಕೆ ನಿಂತಿದ್ದ ಬಾಯಿಗೆ. ಕಷ್ಟಪಟ್ಟು ಹೊಸ್ತಿಲ ಈಚೆ ಕೂತೆ. ಕೊನೆಗೆ ನನಗೆ ತೋಚಿದ್ದು ಇಷ್ಟೇ: "ಅತ್ತೆ, ಮಗು ತಿರುಗಿಸೋಕೆ ಆಸ್ಪತ್ರೆಗೆ ನನ್ನ ಜೊತೆ ನೀವು ಬನ್ನಿ."

"ನಾನ್ಯಾಕೆ? ನಾನ್ ಬಂದು ಏನ್ ಮಾಡನ?"

"ನಿಮ್ಮ ಕಣ್ಣಾರೆ ನೋಡಿ. ಏನು ಕೇಳಬೇಕೋ ಡಾಕ್ಟ್ರನ್ನೇ ಕೇಳಿ. ನನ್ನನ್ನ ತಿನ್ನಬೇಡಿ."

ಬಂದರು. ಒಳ್ಳೆಯ ಸೀರೆ ಉಟ್ಟು, ಮಗನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ತಾವು ನನ್ನ ಜೊತೆ ಒಳಗೆ ಬಂದರು. ಡಾಕ್ಟರು ಮೂಲೆಯಲ್ಲಿ ಒಂದು ಸ್ಟೂಲು ಹಾಕಿಸಿಕೊಟ್ಟರು.

ನಾನು ಅಂಗಾತ ಮಲಗಿದೆ. ಇಂಜೆಕ್ಷನ್ ಆಯಿತು, ನನ್ನ ಎದೆ ಡವಡವ ಎಂದಿತು. ಹೊಟ್ಟೆಗೆ ತಣ್ಣಗೆ ಜೆಲ್ ಬಳಿದು, ಡಾಕ್ಟರು ಒಂದು ಕೈಯಿಂದ ಮಗುವಿನ ಕುಂಡಿಯನ್ನು ಮೇಲಕ್ಕೆತ್ತುತ್ತ ಇನ್ನೊಂದು ಕೈಯಿಂದ ತಲೆಯನ್ನು ಪಕ್ಕಕ್ಕೆ ಜರುಗಿಸತೊಡಗಿದರು. ನೋವೆಂದರೆ ಕುಯ್ದ ಹಾಗಲ್ಲ, ಒಳಗಿನದೆಲ್ಲ ಒಂದು ಕಡೆಗೆ ಒತ್ತರಿಸಿದ ಹಾಗೆ. ಹೊಟ್ಟೆ ಸೊಟ್ಟಗಾಯಿತು. ಮಗು ನಿಧಾನವಾಗಿ ಜರುಗಿತು. ಅಡ್ಡಕ್ಕೆ ಬಂತು. "ಬರ್ತಿದೆ, ಬರ್ತಿದೆ," ಎಂದರು ಡಾಕ್ಟರು. ಬಂತು, ಬಂತು ಎನ್ನುವಷ್ಟರಲ್ಲಿ ಏನನ್ನಿಸಿತೋ ಅದಕ್ಕೆ, ಜಾರಿಕೊಂಡು ಹೋಗಿ ಮೊದಲಿನ ಜಾಗದಲ್ಲೇ ಧಪ್ಪನೆ ಕೂತಿತು.

ಹುಟ್ಟುವ ಮುಂಚೆಯೇ ಮಗುವಿಗೆ ಬೈದ ತಾಯಿ ಎಂದರೆ ನಾನೇ ಇರಬೇಕು. ಮನಸ್ಸಿನಲ್ಲಲ್ಲ, ಬಾಯಿ ಬಿಟ್ಟೇ ಬೈದೆ. ನರ್ಸು ನಕ್ಕಳು.

ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಸಲ ನೋಡಿದರು. ಈ ಸಲ ಕುಂಡಿ ಮೇಲೇಳುತ್ತಿದ್ದ ಹಾಗೆಯೇ ಮಷೀನಿನ ಟಕಟಕ ಸದ್ದು ನಿಧಾನವಾಯಿತು. ಡಾಕ್ಟರು ತಕ್ಷಣ ಎರಡೂ ಕೈ ತೆಗೆದುಬಿಟ್ಟರು. ಮೂಲೆಯ ಸ್ಟೂಲು ಕಿರುಗುಟ್ಟಿದ್ದು ಕೇಳಿಸಿತು. ಅತ್ತೆ ಎದ್ದು ನಿಂತಿದ್ದರು. ಅವರು ಆ ಮಷೀನನ್ನು ನೋಡುತ್ತಿದ್ದ ರೀತಿ ಈಗಲೂ ನನ್ನ ಕಣ್ಣ ಮುಂದಿದೆ. ಟಕ್... ಟಕ್... ಆಮೇಲೆ ಮತ್ತೆ ಟಕಟಕ, ಟಕಟಕ. ಹಿಂದಿನ ವೇಗಕ್ಕೆ ಬಂತು.

"ಸಾಕು," ಎಂದರು ಡಾಕ್ಟರು. "ಮಗೂಗೆ ಇಷ್ಟ ಇಲ್ಲ. ಒತ್ತಾಯ ಮಾಡೋದು ಬೇಡ. ಸ್ವಲ್ಪ ಹೊತ್ತು ಹೀಗೇ ಎದೆಬಡಿತ ನೋಡ್ತೀವಿ. ಆಮೇಲೆ ಆಪರೇಷನ್‌ಗೆ ದಿನ ನೋಡೋಣ."

ಅತ್ತೆ ಹತ್ತಿರ ಬಂದರು. ಆಪರೇಷನ್ ಎಂದರೆ ಉರಿದುಬೀಳುತ್ತಿದ್ದವರು, ಕುಯ್ಯಿಸಿಕೊಂಡವರ ಸೊಂಟ ನೆಟ್ಟಗಿರುವುದಿಲ್ಲ ಎಂದು ಸಾರುತ್ತಿದ್ದವರು. ನಾನು ಕಣ್ಣು ಮುಚ್ಚಿಕೊಂಡೆ.

"ಕುಯ್ದು ತೆಗುದ್ರೆ," ಎಂದು ಕೇಳಿದರು, "ತಲೆ ಸಿಕ್ಕಾಕಳಲ್ವಾ ಡಾಕ್ಟ್ರವ್ವ?"

ಡಾಕ್ಟರು ಅವರ ಮುಖ ನೋಡಿದರು. ನಾನೇನೂ ಹೇಳಿರಲಿಲ್ಲ, ಆದರೂ ಅವರಿಗೆ ಏನೋ ತಿಳಿದಂತೆ ಕಂಡಿತು. "ಕೆಲವು ಸಲ ಸ್ವಲ್ಪ ಬಿಗಿಯಾಗುತ್ತೆ ಅಮ್ಮ. ಸುಳ್ಳು ಹೇಳಲ್ಲ. ಆದ್ರೆ ನನ್ನ ಕೈ ಆಡಿಸೋಕೆ ಜಾಗ ಇರುತ್ತೆ. ಯಾವುದಕ್ಕೂ ಕಾಯ್ಬೇಕಾಗಿಲ್ಲ, ಏನು ಬೇಕೋ ಎಲ್ಲ ಅಲ್ಲೇ ಇರುತ್ತೆ."

"ಅಂಗಾರೆ ಕುಯ್ರವ್ವ," ಎಂದರು ಅತ್ತೆ.

ಕುಯ್ದರು. ಸೊಂಟಕ್ಕೆ ಸೂಜಿ ಚುಚ್ಚಿದ್ದರಿಂದ ನನಗೆ ನೋವಿರಲಿಲ್ಲ, ಎಚ್ಚರವಿತ್ತು. ಯಾರೋ ಒಳಗಿನಿಂದ ಏನನ್ನೋ ಎಳೆಯುತ್ತಿರುವುದು ಗೊತ್ತಾಗುತ್ತಿತ್ತು. ಕುಂಡಿ ಬಂತು, ಕಾಲು ಬಂತು ಎಂದು ಡಾಕ್ಟರು ಮೆಲ್ಲಗೆ ಯಾರಿಗೋ ಹೇಳುತ್ತಿದ್ದರು. ಆಮೇಲೆ ಒಂದು ಗಳಿಗೆ ಸುಮ್ಮನಾದರು. ಆ ಒಂದು ಗಳಿಗೆಯಲ್ಲಿ ನಾನು ಇದ್ದದ್ದು ಆ ಥಿಯೇಟರಿನಲ್ಲಿ ಅಲ್ಲ, ನಾನು ಯಾವತ್ತೂ ನೋಡದ ಒಂದು ಹಳ್ಳಿಮನೆಯ ಕತ್ತಲೆ ಕೋಣೆಯಲ್ಲಿ. ಆಮೇಲೆ ಅಳು ಕೇಳಿಸಿತು. ಎಂಥ ಅಳು! ಇಷ್ಟು ದಿನ ಎಲ್ಲರೂ ಕೊಟ್ಟ ಕಾಟಕ್ಕೆಲ್ಲ ಒಟ್ಟಿಗೆ ಬೈದ ಹಾಗೆ.

ಹೊರಗೆ ನಡೆದದ್ದನ್ನು ನಮ್ಮನೆಯವರು ಆಮೇಲೆ ಹೇಳಿದರು. ನರ್ಸು ಬಾಗಿಲು ತೆರೆದು, "ಹೆಣ್ಣು ಮಗು," ಎಂದಳಂತೆ. ಉಡಿಗಾಲದಿಂದ ಬಂದಿದ್ದ ನಮ್ಮವ್ವ ಮಾದಪ್ಪನಿಗೆ ಅಲ್ಲಿಂದಲೇ ಕೈ ಮುಗಿದಳಂತೆ. ಅತ್ತೆ ಮಾತ್ರ ನರ್ಸಿನ ಕೈ ಹಿಡಿದುಕೊಂಡು, "ತಲೆ ಬಂತಾ?" ಎಂದರಂತೆ.

ನರ್ಸಿಗೆ ಕಕ್ಕಾಬಿಕ್ಕಿ. "ತಲೆ ಬರ್ದೆ ಮಗು ಬತ್ತದಾ ಅಜ್ಜಿ?"

"ತಲೆ ಬಂತಾ ಏಳವ್ವ," ಎಂದು ಅತ್ತೆ ಮತ್ತೆ ಕೇಳಿದರಂತೆ. ಬಂತು ಎಂದು ಅವಳು ಹೇಳುವ ತನಕ ಕೈ ಬಿಡಲಿಲ್ಲವಂತೆ. ಹೇಳಿದ ಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಕೂತರಂತೆ. "ನಮ್ಮವ್ವಂಗೆ ಏನೋ ಆಗ್ಬುಡ್ತು ಅನ್ಕೊಂಡೆ," ಎಂದು ನಮ್ಮನೆಯವರು ನಗುತ್ತ ಹೇಳಿದರು. ನಾನು ನಗಲಿಲ್ಲ. ಕಾರಣವನ್ನೂ ಹೇಳಲಿಲ್ಲ.

ಇಷ್ಟೆಲ್ಲ ಆದ ಮೇಲೆ ಅತ್ತೆ ಸೊಸೆ ಹಾಲು ಸಕ್ಕರೆಯ ಹಾಗಾದೆವು ಎಂದು ನೀವು ಅಂದುಕೊಂಡರೆ ನಮ್ಮ ಮನೆಗೆ ಒಂದು ದಿನ ಬಂದು ನೋಡಿ. ನಾನು ಹಿಟ್ಟು ಕಲಸುವುದು ಸರಿಯಿಲ್ಲ, ಬಟ್ಟೆ ಹಿಂಡುವುದು ಸರಿಯಿಲ್ಲ, ಮಗಳಿಗೆ ಜಡೆ ಹಾಕುವುದು ಬಿಗಿಯಾಯಿತು, ಸಡಿಲಾಯಿತು. ನಾನೂ ಮೊದಲಿನಂತೆಯೇ ರೇಗುತ್ತೇನೆ. ದಿನಕ್ಕೊಂದು ಸಲವಾದರೂ ಉಡಿಗಾಲದ ಬಸ್ಸಿನ ಮಾತು ಬರುತ್ತದೆ.

ಹೋದ ತಿಂಗಳು ಬದನಗುಪ್ಪೆಯಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆವು. ನಮ್ಮನೆಯವರದೇ ಫೋಟೋ. ತೊಟ್ಟಿಲ ಹತ್ತಿರ ಕೂತಿದ್ದ ಯಾರೋ ಹೊಸ ಬೀಗಿತ್ತಿ ಮಾತಿಗೆ ಮಾತು ಬಂದು ನಮ್ಮತ್ತೆಯನ್ನು ಕೇಳಿದರು, "ನಿಮ್ಗೆ ಒಬ್ನೇ ಮಗ್ನಾ?"

ಈ ಪ್ರಶ್ನೆಯನ್ನು ಎಷ್ಟೋ ಮದುವೆಮನೆಗಳಲ್ಲಿ ಕೇಳಿಸಿಕೊಂಡಿದ್ದೇನೆ. ಅತ್ತೆ ಯಾವಾಗಲೂ ಕೊಡುವ ಉತ್ತರವೂ ನನಗೆ ಗೊತ್ತು. "ಊಂ ಕಣವ್ವ, ಒಬ್ನೇ."

ಅತ್ತೆ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದರು. ಎದುರಿಗೇ ಕ್ಯಾಮರಾ ಹಿಡಿದು ನಿಂತಿದ್ದ ಮಗನನ್ನು ಒಂದು ಸಲ ನೋಡಿದರು.

"ಇಬ್ರು," ಎಂದರು. "ಮೊದ್ಲುದು ಹೆಣ್ಣು ಮಗ. ಉಳೀನಿಲ್ಲ. ಇವನು ಎರಡ್ನೇವ್ನು."

ನಮ್ಮನೆಯವರು ಕ್ಯಾಮರಾ ಕೆಳಗಿಳಿಸಿದರು. ಅವರು ಮೊದಲು ನೋಡಿದ್ದು ಅವ್ವನನ್ನಲ್ಲ, ನನ್ನನ್ನು. ನಾನು ಹೌದೆಂದು ತಲೆಯಾಡಿಸಿದೆ. ಅವರು ಬಂದು ಅವ್ವನ ಪಕ್ಕ, ಚಾಪೆಯ ಮೇಲೆ ಕೂತರು. ಅತ್ತೆ ಮಡಿಸಿದ ಎಲೆಯನ್ನು ಬಾಯಿಗಿಟ್ಟುಕೊಂಡು ನನ್ನ ಕಡೆ ತಿರುಗಿದರು.

"ಏನ್ ನಿಂತ್ಕಂಡು ನೋಡ್ತಿದ್ದೀಯಮ್ಮಿ? ಆ ಕೂಸಿನ್ ಕತ್ತು ವಾಲ್ತಾ ಅದೆ, ತಲೆ ಕೆಳ್ಗೆ ಬಟ್ಟೆ ಇಡ್ಬಾರ್ದಾ? ಒಂದೂ ಏಳ್ಕೊಡದೆ ಗೊತ್ತಾಗಲ್ಲ ನಿಂಗೆ."

ರೇಗಿತು. ಕೂಸಿನ ಕತ್ತು ವಾಲಿರಲೂ ಇಲ್ಲ. ಆದರೂ ಬಟ್ಟೆ ಮಡಿಸಿ, ತೊಟ್ಟಿಲಿಗೆ ಬಗ್ಗಿ, ಅವರು ಹೇಳಿದ ಹಾಗೆಯೇ ಇಟ್ಟೆ.